ಆಕಾಶದಲ್ಲಿ ಪಂಕ್ತಿಭೇದ

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಬೀಗರ ಪಂಕ್ತಿ ಎಂದೊಂದು ಇರುತ್ತಿತ್ತು. ಬೀಗರು ನಡುಮನೆಯಲ್ಲಿ ಕೂರುವರು; ಉಳಿದ ನೆಂಟರಿಷ್ಟರು ಹೊರಗಿನ ಚಪ್ಪರದಲ್ಲಿ. ಎಲೆ ಎರಡು ಕಡೆಯೂ ಬಾಳೆಯದೇ, ಹುಳಿ ಎರಡು ಕಡೆಗೂ ಒಂದೇ ಕೊಳಗದ್ದೇ. ಆದರೆ ತುಪ್ಪದ ಗಿಂಡಿ ನಡುಮನೆಯಲ್ಲಿ ಎರಡು ಸುತ್ತು ಬರುತ್ತಿತ್ತು. ಚಪ್ಪರದಲ್ಲಿ ಒಂದು ಸುತ್ತು ಬಂದರೆ ಅದೇ ಪುಣ್ಯ. ಹುಡುಗನಾಗಿದ್ದ ನಾನು ಚಪ್ಪರದಲ್ಲಿ ಕುಳಿತು ನಡುಮನೆಯ ಬಾಗಿಲ ಕಡೆಗೆ ಕತ್ತು ಚಾಚುತ್ತಿದ್ದೆ. "ಇನ್ನೊಬ್ಬರ ಎಲೆ ನೋಡಬಾರದು ಕಣೋ, ಹೊಟ್ಟೆ ನೋವು ಬರುತ್ತೆ" ಎಂದು ಅಜ್ಜಿ ತೊಡೆ ಚಿವುಟುತ್ತಿದ್ದಳು.

ಜಾತಿ ಹಿಡಿದು ಮಾಡುವ ಪಂಕ್ತಿಭೇದದ ಕ್ರೌರ್ಯವೇ ಬೇರೆ. ಅದನ್ನು ಇಲ್ಲಿ ಹೋಲಿಕೆಗೆ ಎಳೆದು ತಂದು ಹಗುರ ಮಾಡಲಾರೆ. ನಾನು ಹೇಳುತ್ತಿರುವುದು ತುಪ್ಪದ ಮಟ್ಟಿನ ಭೇದ. ಅಂಥದೇ ಇನ್ನೊಂದು ರೈಲಿನಲ್ಲಿತ್ತು. ಮೈಸೂರಿನಿಂದ ಬೆಂಗಳೂರಿಗೆ ಅಪ್ಪನ ಜೊತೆಯಲ್ಲಿ ಮೂರನೆಯ ದರ್ಜೆಯಲ್ಲಿ ಎಷ್ಟು ಸಾರಿ ಬಂದಿದ್ದೇನೋ ಲೆಕ್ಕವಿಲ್ಲ. ಮರದ ಹಲಗೆಯ ಬೆಂಚು, ಕಿಟಕಿಯಿಂದ ಕಣ್ಣಿಗೆ ಬೀಳುವ ಇದ್ದಲ ಪುಡಿ, ಮದ್ದೂರು ಬಂದರೆ ವಡೆ. ೧೯೭೪ರಲ್ಲಿ ರೈಲ್ವೆಯವರು ಮೂರನೆಯ ದರ್ಜೆಯನ್ನು ತೆಗೆದುಹಾಕಿದರು. ಹಲಗೆ ಅದೇ ಉಳಿಯಿತು, ಹೆಸರು ಎರಡನೆಯ ದರ್ಜೆ ಎಂದಾಯಿತು. ಆದರೂ ನಮ್ಮಪ್ಪ ಬಹಳ ಸಂತೋಷಪಟ್ಟರು. "ಕೂತಲ್ಲೇ ಬಡ್ತಿ ಬಂತು ನೋಡು" ಎಂದರು.

ಇಂಥ ಭೇದಗಳೆಲ್ಲ ಒಂದೊಂದಾಗಿ ಸವೆದು ಹೋಗುತ್ತಿವೆ ಎಂದು ನಾನು ನಂಬಿಕೊಂಡಿದ್ದವನು. ಆ ನಂಬಿಕೆ ಹೋದದ್ದು ನೆಲದ ಮೇಲಲ್ಲ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ, ಒಂದು ಬಟ್ಟೆಯ ಪರದೆಯ ಮುಂದೆ.

ನಾನು ಮೂವತ್ತೈದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ಬಿಸಿನೆಸ್ಸು ಎಂದು ನಾನು ಜೀವಮಾನದಲ್ಲಿ ಮಾಡಿದ್ದು ಹಳೆಯ ಪೇಪರನ್ನು ತೂಕಕ್ಕೆ ಹಾಕಿದ್ದು ಒಂದೇ; ಅದರಲ್ಲಿಯೂ ತಕ್ಕಡಿಯವನೇ ಗೆಲ್ಲುತ್ತಿದ್ದ. ಅಂಥವನು ಬಿಸಿನೆಸ್ ಕ್ಲಾಸಿನಲ್ಲಿ ಕುಳಿತು ಷಿಕಾಗೋಗೆ ಹೋದದ್ದು ಹೇಗೆಂದರೆ, ಮಗ ಅಲ್ಲಿದ್ದಾನೆ. ಆಫೀಸಿನ ಕೆಲಸದ ಮೇಲೆ ತಿಂಗಳಿಗೆರಡು ಸಲ ವಿಮಾನ ಹತ್ತುವವನು. ಹೀಗೆ ಹಾರಿದ್ದಕ್ಕೆಲ್ಲ ವಿಮಾನದ ಕಂಪನಿಯವರು ಪಾಯಿಂಟು ಎಂದು ಕೊಡುತ್ತಾರೆ. ನಮ್ಮ ಕಾಲದ ಗೃಹಿಣಿಯರು ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದರಲ್ಲ, ಹಾಗೆ ಅವನು ಅದನ್ನು ಕೂಡಿಟ್ಟಿದ್ದ. ಸೊಸೆಗೆ ದಿನ ತುಂಬುತ್ತಿತ್ತು. ನಾವಿಬ್ಬರೂ ಹೋಗಬೇಕಾಗಿತ್ತು. ಒಂದು ಭಾನುವಾರ ಬೆಳಗ್ಗೆ ಫೋನು ಬಂತು.

"ಅಪ್ಪ, ಪಾಯಿಂಟಿನಲ್ಲಿ ಬಿಸಿನೆಸ್ ಕ್ಲಾಸು ಒಂದೇ ಬರುತ್ತೆ. ಇನ್ನೊಂದು ಟಿಕೆಟ್ಟು ಎಕಾನಮಿಯಲ್ಲಿ ತೊಗೋತೀನಿ. ಯಾರ ಹೆಸರಿಗೆ ಯಾವುದು ಹಾಕ್ಲಿ?"

ದುಡ್ಡು ಕೊಟ್ಟು ಎರಡೂ ಮುಂದಿನದನ್ನೇ ಕೊಳ್ಳಬಹುದಲ್ಲ ಎಂದು ಕೇಳುವ ಓದುಗರಿಗೆ ಒಂದು ಮಾತು: ಮುಂದಿನ ಒಂದು ಟಿಕೆಟ್ಟಿನ ಬೆಲೆಯಲ್ಲಿ ಹಿಂದೆ ಮೂರು ನಾಲ್ಕು ಜನ ಹೋಗಬಹುದು. ನಮ್ಮ ಮನೆಯಲ್ಲಿ ಆ ಲೆಕ್ಕವನ್ನು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ.

"ಅಮ್ಮನ ಹೆಸರಿಗೆ ಹಾಕು. ಅವಳಿಗೆ ಮಂಡಿ ನೋವು" ಎಂದೆ ನಾನು.

ಅಡುಗೆ ಮನೆಯಿಂದಲೇ ಉತ್ತರ ಬಂತು: "ಸುಮ್ನಿರಿ. ಸೊಂಟದ ಆಪರೇಷನ್ ಆದೋರು ಯಾರು? ಡಾಕ್ಟರು ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಬೇಡಿ ಅಂದಿದ್ದು ಯಾರಿಗೆ? ನನ್ನ ಮಂಡಿ ನನಗೆ ಗೊತ್ತು. ಅಪ್ಪನ ಹೆಸರಿಗೆ ಹಾಕೋ."

ನಾನು ಇನ್ನೊಮ್ಮೆ ಬೇಡವೆಂದೆ. ಅವಳು ಇನ್ನೊಮ್ಮೆ ಹೌದೆಂದಳು. ಮೂರನೆಯ ಸಲ ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಇಡೀ ಕತೆಯಲ್ಲಿ ನನಗೆ ನಾಚಿಕೆ ತರುವ ಘಳಿಗೆ ಅದೇ. ಬೀಗರ ಪಂಕ್ತಿಯನ್ನು ಒಂದು ಸಲ ಒಳಗೆ ಕುಳಿತು ನೋಡಬೇಕೆಂಬ ಆಸೆ ಅರವತ್ತು ವರ್ಷದ ಮೇಲೂ ಹೊಟ್ಟೆಯಲ್ಲಿ ಎಲ್ಲೋ ಉಳಿದಿತ್ತು ಎಂದು ಕಾಣುತ್ತದೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆ. ಅಲ್ಲಿಂದ ಷಿಕಾಗೋಗೆ ಮತ್ತೆ ಒಂಬತ್ತೂವರೆ. ವಿಮಾನ ಹೊರಡುವುದು ದೆವ್ವಗಳು ತಿರುಗಾಡುವ ಹೊತ್ತಿನಲ್ಲಿ. ದೇವನಹಳ್ಳಿಯ ಹೊಸ ಟರ್ಮಿನಲ್ಲಿನಲ್ಲಿ, ಬಿದಿರಿನ ಛಾವಣಿಯ ಕೆಳಗೆ, ಮೇಲಿನಿಂದ ಗಿಡಬಳ್ಳಿಗಳನ್ನು ತೂಗುಬಿಟ್ಟಿದ್ದಾರೆ. ಸಸ್ಯಶಾಸ್ತ್ರದವನಿಗೆ ಬೇರೆ ಏನು ಬೇಕು? ಕತ್ತೆತ್ತಿ ನೋಡುತ್ತ ನಡೆದೆ. ಕತ್ತು ಇಳಿಸಿದಾಗ ಕಂಡದ್ದು ಎರಡು ಸಾಲು. ಒಂದರಲ್ಲಿ ಇನ್ನೂರು ಜನ, ನನ್ನ ಹೆಂಡತಿಯೂ ಸೇರಿ. ಇನ್ನೊಂದರಲ್ಲಿ ಒಬ್ಬನೂ ಇಲ್ಲ, ಕೆಂಪು ಜಮಖಾನ ಮಾತ್ರ. ಜಮಖಾನದ ಕೊನೆಯಲ್ಲಿ ನಿಂತಿದ್ದ ಹುಡುಗಿ ನನ್ನನ್ನು ನೋಡಿ ಕೈಮುಗಿದಳು. ನಾನು ಹಿಂದಕ್ಕೆ ತಿರುಗಿ ನೋಡಿದೆ, ಯಾರಿಗೆ ಮುಗಿಯುತ್ತಿದ್ದಾಳೆಂದು.

ಟಿಕೆಟ್ಟಿನ ಕಟ್ಟೆಯ ಬಳಿ ಮಾತ್ರ ಇಬ್ಬರನ್ನೂ ಒಟ್ಟಿಗೆ ಕರೆದು ಉಪಕಾರ ಮಾಡಿದರು. ಅಲ್ಲಿಂದ ಮುಂದೆ ನನಗೆ ಊಟ ತಿಂಡಿ ಸೋಫಾಗಳ ಒಂದು ವಿಶ್ರಾಂತಿಯ ಕೋಣೆ ಇದೆಯೆಂದರು. ನಾನು ಹೋಗಲಿಲ್ಲ. ಇಬ್ಬರೂ ಕುರ್ಚಿಯಲ್ಲಿ ಕುಳಿತು, ಮನೆಯಿಂದ ತಂದಿದ್ದ ಚಪಾತಿ, ಟೊಮ್ಯಾಟೊ ಗೊಜ್ಜು ಮುಗಿಸಿದೆವು. ಸೊಸೆಗೆಂದು ಕಟ್ಟಿದ ಬಾಣಂತಿ ಪುಡಿ, ಅಂಟಿನುಂಡೆಗಳ ಚೀಲವನ್ನು ಅವಳು ಮಡಿಲಿನಿಂದ ಇಳಿಸಲಿಲ್ಲ.

ವಿಮಾನದ ಬಾಗಿಲಲ್ಲಿ ಗಗನಸಖಿ ನನ್ನ ಚೀಟಿ ನೋಡಿ ಎಡಕ್ಕೆ ಎಂದಳು. ಅವಳ ಚೀಟಿ ನೋಡಿ ಬಲಕ್ಕೆ ಎಂದಳು. ನಲವತ್ತು ವರ್ಷದ ಹಿಂದೆ ಪುರೋಹಿತರು ಕೈಗೆ ಕೈ ಕೊಟ್ಟು ಕಟ್ಟಿದ ಗಂಟನ್ನು ಆ ಹುಡುಗಿ ಎರಡು ಮಾತಿನಲ್ಲಿ ಬಿಚ್ಚಿದ ಹಾಗಾಯಿತು. "ಮಾತ್ರೆ ನಿಮ್ಮ ಮೇಲು ಜೇಬಿನಲ್ಲಿದೆ" ಎಂದು ಹೇಳಿ ಅವಳು ಜನರ ನಡುವೆ ಬಲಕ್ಕೆ ಸರಿದು ಹೋದಳು. ನಲವತ್ತೊಂದನೆಯ ಸಾಲು. ನನ್ನದು ಐದನೆಯದು.

ಇನ್ನು ಆ ಸೀಟಿನ ವಿಚಾರ. ಅದನ್ನು ಸೀಟು ಎನ್ನುವುದೇ ತಪ್ಪು. ಅದೊಂದು ಸಣ್ಣ ಬಿಡಾರ. ಪಕ್ಕಕ್ಕೆ ಗೋಡೆ, ಮುಂದೆ ಸಿನಿಮಾ, ಕಾಲಿಗೆ ಗೂಡು, ಚಪ್ಪಲಿಗೆ ಇನ್ನೊಂದು ಗೂಡು. ಕೈಯ ಬಳಿ ಹತ್ತು ಹನ್ನೆರಡು ಗುಂಡಿಗಳು. ಮೊದಲನೆಯದನ್ನು ಒತ್ತಿದರೆ ಕಾಲು ಮೇಲೆದ್ದಿತು. ಗಾಬರಿಯಿಂದ ಎರಡನೆಯದನ್ನು ಒತ್ತಿದರೆ ಬೆನ್ನು ಕೆಳಗೆ ಹೋಯಿತು. ವಿಮಾನ ನೆಲ ಬಿಡುವ ಮೊದಲೇ ನಾನು ಶವಾಸನದಲ್ಲಿದ್ದೆ. ಗಗನಸಖಿ ಬಂದು, ನಗದೆ, ನನ್ನನ್ನು ಎಬ್ಬಿಸಿ ಕೂರಿಸಿದಳು. ಬಿಸಿ ನೀರಿನಲ್ಲಿ ಅದ್ದಿದ ಟವಲನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟಳು. ಇಡ್ಲಿ ಎಂದೇ ತಿಳಿದು ತಟ್ಟೆಗಾಗಿ ಹುಡುಕಿದೆ. ಪಕ್ಕದ ಗೋಡೆಯಾಚೆಯ ಮಹನೀಯರು ಅದರಿಂದ ಮುಖ ಒರಸಿಕೊಂಡದ್ದರಿಂದ ಮಾನ ಉಳಿಯಿತು. ಅವರು ಆಮೇಲೆ ಗೋಡೆ ಏರಿಸಿಕೊಂಡರು. ಹತ್ತು ಗಂಟೆಯ ಹೊತ್ತು ನಾನು ಅವರ ಮುಖವನ್ನು ಮತ್ತೆ ನೋಡಲಿಲ್ಲ. ಇಲ್ಲಿ ಇನ್ನೊಬ್ಬರ ಎಲೆ ನೋಡಬೇಡ ಎಂದು ತೊಡೆ ಚಿವುಟುವ ಅಜ್ಜಿಯ ಅಗತ್ಯವಿಲ್ಲ. ನೋಡಲು ಸಾಧ್ಯವೇ ಇಲ್ಲದ ಹಾಗೆ ಕಟ್ಟಿದ್ದಾರೆ.

ಊಟ ಬಂತು. ಬಿಳಿಯ ಬಟ್ಟೆ ಹಾಸಿ, ಪಿಂಗಾಣಿಯ ತಟ್ಟೆ ಇಟ್ಟು, ಉಪ್ಪು ಮೆಣಸಿಗೆ ಎರಡು ಪುಟ್ಟ ಬುಡ್ಡಿ ಕೊಟ್ಟು ಬಡಿಸಿದರು. ರುಚಿ? ಅದರಲ್ಲಿ ಒಂದು ಗುಟ್ಟಿದೆ. ವಿಮಾನದ ಹೊರಗೆ ಮೂವತ್ತೈದು ಸಾವಿರ ಅಡಿಯಲ್ಲಿ ಶೂನ್ಯಕ್ಕಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿ. ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮವಾಗಿ ಇಟ್ಟಿರುತ್ತಾರೆ. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಕುಳಿತು ಉಂಡ ಹಾಗೆ. ಆದರೆ ಮುಳ್ಳಯ್ಯನಗಿರಿಯ ಮಂಜಿನ ತೇವ ಅಲ್ಲಿಲ್ಲ. ವಿಮಾನದೊಳಗಿನ ತೇವಾಂಶ ಬಹುಮಟ್ಟಿಗೆ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ; ಮೂಗು ಬಾಯಿ ಒಣಗಿಹೋಗುತ್ತವೆ. ಒಣಗಿದ ಮೂಗು, ಕಿವಿಗೆ ಬಿಡದೆ ಬೀಳುವ ಇಂಜಿನ್ನಿನ ಮೊರೆತ, ಇವುಗಳ ನಡುವೆ ನಾಲಗೆ ಉಪ್ಪು, ಸಿಹಿಯನ್ನು ಅರೆಬರೆಯಾಗಿ ಗುರುತಿಸುತ್ತದೆ. ಆದ್ದರಿಂದ ಎಂಥ ಅಡುಗೆಯವನು ಮಾಡಿದ ಅಡುಗೆಯೂ ಅಲ್ಲಿ ಸ್ವಲ್ಪ ಚಪ್ಪೆ. ಪಿಂಗಾಣಿಯಲ್ಲಿ ಉಂಡ ನನಗೂ ಅಷ್ಟೇ, ಹಿಂದೆ ತಗಡಿನ ಹಾಳೆ ಬಿಚ್ಚಿ ಉಂಡ ನನ್ನ ಹೆಂಡತಿಗೂ ಅಷ್ಟೇ. ಗಾಳಿ ಪಂಕ್ತಿಭೇದ ಮಾಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವಳ ಚೀಲದಲ್ಲಿ ಚಟ್ನಿಪುಡಿ ಇತ್ತು ಎಂಬುದು ಆಮೇಲೆ ತಿಳಿಯಿತು.

ದೀಪ ಆರಿಸಿದರು. ಹುಡುಗಿ ಬಂದು ಹಾಸಿಗೆ ಹಾಸಿ, ಹೊದಿಕೆ ಕೊಟ್ಟು ಹೋದಳು. ಆರೂವರೆ ಅಡಿ ಉದ್ದದ ಹಾಸಿಗೆ. ಕಾಲು ಚಾಚಿದೆ. ಆಪರೇಷನ್ನಾದ ಸೊಂಟ ಕೃತಜ್ಞತೆಯಿಂದ ನಿಟ್ಟುಸಿರು ಬಿಟ್ಟಿತು. ಕಣ್ಣು ಮಾತ್ರ ಮುಚ್ಚಲಿಲ್ಲ. ಮನಸ್ಸು ಒಂದು ಅಂಗುಲದ ಲೆಕ್ಕ ಹಾಕುತ್ತಿತ್ತು. ಹಿಂದೆ ಒಂದು ಸೀಟಿನಿಂದ ಮುಂದಿನ ಸೀಟಿಗೆ ಸುಮಾರು ೩೧ ಅಂಗುಲ. ನಾನು ಮಲಗಿರುವುದು ೭೮ ಅಂಗುಲದ ಮೇಲೆ. ಉಳಿದ ೪೭ ಅಂಗುಲ ಯಾರದು?

ಈ ಬಿಸಿನೆಸ್ ಕ್ಲಾಸು ಎಲ್ಲಿಂದ ಬಂತು ಎಂದು ಹೊರಡುವ ಮೊದಲೇ ಓದಿಕೊಂಡಿದ್ದೆ, ಮೇಷ್ಟರ ಚಾಳಿ. ವಿಮಾನ ಶ್ರೀಮಂತರ ವಾಹನವಾಗಿದ್ದಾಗ ಅದರೊಳಗೆ ದರ್ಜೆಗಳ ಅಗತ್ಯ ಹೆಚ್ಚಿರಲಿಲ್ಲ. ಹತ್ತಿದ್ದೇ ಒಂದು ದರ್ಜೆ. ೧೯೪೮ರ ಜೂನ್ ೮ರಂದು ನಮ್ಮ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಕೈರೋ, ಜಿನೀವಾ ಹಾದು ಲಂಡನ್ನಿಗೆ ಮೊದಲ ಸಲ ಹಾರಿದಾಗ ಅದರಲ್ಲಿ ಇದ್ದವರು ೩೫ ಜನ ಪ್ರಯಾಣಿಕರು. ಟಿಕೆಟ್ಟು ೧,೭೨೦ ರೂಪಾಯಿ ಎಂದು ಜಾಹೀರಾತು. ಆ ಕಾಲದ ಮೇಷ್ಟರೊಬ್ಬರಿಗೆ ಅದು ವರ್ಷಗಟ್ಟಲೆಯ ಸಂಬಳ. ೧೯೫೨ರಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ 'ಟೂರಿಸ್ಟ್' ಎಂಬ ಅಗ್ಗದ ದರ್ಜೆ ಬಂತು. ೧೯೫೮ರಲ್ಲಿ ಅದಕ್ಕಿಂತ ಅಗ್ಗದ 'ಎಕಾನಮಿ'. ೧೯೭೦ರಲ್ಲಿ ಜಂಬೋ ವಿಮಾನಗಳು ಹಾರತೊಡಗಿದವು. ಅಷ್ಟು ದೊಡ್ಡ ಹೊಟ್ಟೆಯನ್ನು ತುಂಬಿಸುವುದಕ್ಕೆ ಕಂಪನಿಗಳು ರಿಯಾಯಿತಿಯ ಟಿಕೆಟ್ಟು ಮಾರತೊಡಗಿದವು.

ತಕರಾರು ಹುಟ್ಟಿದ್ದು ಇಲ್ಲಿ. ಕೆಲಸದ ಮೇಲೆ ಕೊನೆಯ ಘಳಿಗೆಯಲ್ಲಿ ಹೊರಡುವ ವ್ಯಾಪಾರಸ್ಥರು ಪೂರ್ತಿ ಹಣ ತೆತ್ತು ಬರುವರು. ಪಕ್ಕದಲ್ಲಿ ನೋಡಿದರೆ ಅರ್ಧ ಬೆಲೆ ಕೊಟ್ಟು ಮಕ್ಕಳು ಮರಿಗಳೊಡನೆ ರಜಕ್ಕೆ ಹೊರಟ ಸಂಸಾರ! ಇಬ್ಬರಿಗೂ ಅದೇ ಸೀಟು, ಅದೇ ಊಟ. ಪೂರ್ತಿ ಕೊಟ್ಟವರು ಗೊಣಗಿದರು. ಆ ಗೊಣಗಾಟಕ್ಕೆ ಪರಿಹಾರವಾಗಿ ೧೯೭೦ರ ದಶಕದ ಕೊನೆಯಲ್ಲಿ ಒಂದೊಂದು ಕಂಪನಿಯೂ ಅವರಿಗೆಂದು ವಿಮಾನದ ಮುಂಭಾಗದಲ್ಲಿ ಕೆಲವು ಸಾಲು ಬಿಟ್ಟು ಪರದೆ ಎಳೆಯಿತು. ೧೯೭೯ರಲ್ಲಿ ಅದಕ್ಕೆ ಬಿಸಿನೆಸ್ ಕ್ಲಾಸ್ ಎಂದು ಹೆಸರಿಟ್ಟವರಲ್ಲಿ ತಾವೇ ಮೊದಲಿಗರು ಎಂದು ಆಸ್ಟ್ರೇಲಿಯಾದ ಕ್ವಾಂಟಾಸ್‌ನವರು ಹೇಳಿಕೊಳ್ಳುತ್ತಾರೆ. ಆಗ ಅಲ್ಲಿ ಈ ಹಾಸಿಗೆ ಇರಲಿಲ್ಲ. ಸಪಾಟಾಗಿ ಮಲಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್‌ನವರು ಬಿಸಿನೆಸ್ ಕ್ಲಾಸಿಗೆ ತಂದದ್ದು ೨೦೦೦ದಲ್ಲಿ. ಅಂದರೆ ಹಾಸಿಗೆ ಬಂದದ್ದು ಇಪ್ಪತ್ತು ವರ್ಷದ ಮೇಲೆ. ಮೊದಲು ಬಂದದ್ದು ಪರದೆ. ಸುಖಕ್ಕಾಗಿ ಪ್ರತ್ಯೇಕವಾದದ್ದಲ್ಲ, ಪ್ರತ್ಯೇಕವಾಗುವುದೇ ಮೊದಲ ಸುಖವಾಗಿತ್ತು. ನಡುಮನೆಯ ಬೀಗರಿಗೂ ತುಪ್ಪದ ಎರಡನೆಯ ಸುತ್ತಿಗಿಂತ, ಚಪ್ಪರದವರಿಗೆ ಅದು ಬರಲಿಲ್ಲ ಎಂಬುದೇ ಹೆಚ್ಚು ರುಚಿಸುತ್ತಿತ್ತೋ ಏನೋ.

ಇಷ್ಟೆಲ್ಲ ಯೋಚಿಸುತ್ತ ಮಲಗಿದ್ದವನು ಕೊನೆಗೆ ಎದ್ದೆ. ಅವರೇ ಕೊಟ್ಟ ಮೆತ್ತನೆಯ ಕಾಲುಚೀಲ ಹಾಕಿಕೊಂಡು ಹಿಂದಕ್ಕೆ ನಡೆದೆ. ಮೊದಲ ಪರದೆ ಸರಿಸಿದೆ. ನಡುವಣ ದರ್ಜೆಯೊಂದು, ಸ್ವಲ್ಪ ಅಗಲದ ಸೀಟುಗಳು. ಎರಡನೆಯ ಪರದೆ ಸರಿಸಿದೆ. ಅಬ್ಬ! ಇನ್ನೂರಕ್ಕೂ ಹೆಚ್ಚು ಜನ, ನೀಲಿ ದೀಪದ ಕೆಳಗೆ, ಕತ್ತು ಒಂದೊಂದು ದಿಕ್ಕಿಗೆ ವಾಲಿಸಿಕೊಂಡು ನಿದ್ದೆಗೆ ಹೋರಾಡುತ್ತಿದ್ದರು. ಒಂದು ಮಗು ಅಳುತ್ತಿತ್ತು. ತಂದೆ ಅದನ್ನು ಭುಜಕ್ಕೆ ಹಾಕಿಕೊಂಡು ಓಣಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ನಾನು ಮಲಗಿದ್ದ ಕಡೆಗೆ ಆ ಅಳು ಕೇಳಿಸಿರಲೇ ಇಲ್ಲ.

ನಲವತ್ತೊಂದನೆಯ ಸಾಲಿನ ನಡುವಿನ ಸೀಟಿನಲ್ಲಿ ನಮ್ಮವಳು ಎಚ್ಚರವಾಗಿದ್ದಳು. ಮುಂದಿನವನು ಸೀಟನ್ನು ಹಿಂದಕ್ಕೆ ವಾಲಿಸಿದ್ದ. ಅಂಟಿನುಂಡೆಯ ಚೀಲ ಮಡಿಲಿನಲ್ಲೇ ಇತ್ತು. ಪಕ್ಕದಲ್ಲಿ ದಾವಣಗೆರೆಯ ಕಡೆಯ ಒಬ್ಬ ಹೆಂಗಸು. ಅವರೂ ಮಗಳ ಬಾಣಂತನಕ್ಕೇ ಹೊರಟವರು. ಇಬ್ಬರೂ ಆಗಲೇ ಅಕ್ಕ ತಂಗಿಯರ ಹಾಗಾಗಿ, ಕರಿಬೇವಿನ ಪುಡಿ ಮಾಡುವ ಎರಡು ಊರಿನ ಕ್ರಮಗಳನ್ನು ಹೋಲಿಸಿ ಮುಗಿಸಿದ್ದರು.

"ಹೇಗಿದ್ದೀಯೆ?" ಎಂದೆ.

"ನನಗೇನು, ಚೆನ್ನಾಗಿದ್ದೀನಿ. ನೀವ್ಯಾಕೆ ಎದ್ದು ಬಂದಿರಿ?"

"ನಿದ್ದೆ ಬರಲಿಲ್ಲ. ಇಲ್ಲಿ ನಿನಗೆ ಒಳ್ಳೆ ಜೊತೆ ಸಿಕ್ಕಿದೆ. ಅಲ್ಲಿ ಮಾತಾಡೋಕೆ ಒಂದು ನರಪ್ರಾಣಿ ಇಲ್ಲ" ಎಂದೆ. ಹಿಂದಿನ ದರ್ಜೆಯಲ್ಲೇ ಬಾಳು ಇದೆ, ಮುಂದೆ ಇರುವುದು ಬರಿಯ ಬೆಲೆ ಎಂದು ಒಂದು ತತ್ವ ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗುತ್ತಿತ್ತು.

ಅವಳು ಅದನ್ನು ಅಲ್ಲೇ ಮುರಿದಳು. "ಮಾತಿಗೆ ಜನ ಬೇಕೂಂದ್ರೆ ನಮ್ಮ ಬೀದಿಲೇ ಇದ್ದಾರೆ. ಇಲ್ಲಿ ಕಾಲು ನೀಡೋಕೆ ಜಾಗ ಇದ್ದಿದ್ರೆ ಸಾಕಾಗಿತ್ತು. ಹೋಗಿ ಮಲಕ್ಕೊಳ್ಳಿ. ಮಗ ಅಷ್ಟು ಪಾಯಿಂಟು ಸುರಿದಿರೋದು ನೀವು ಓಣೀಲಿ ನಿಂತ್ಕೊಳ್ಳಲಿ ಅಂತಲ್ಲ."

ನಾನು ನೇರವಾಗಿ ಗಗನಸಖಿಯರ ಬಳಿಗೆ ಹೋದೆ. ಅವರಲ್ಲಿ ಹಿರಿಯಳಾದವಳಿಗೆ, ಉಳಿದ ಐದು ಗಂಟೆ ನನ್ನ ಹೆಂಡತಿ ನನ್ನ ಜಾಗದಲ್ಲಿ ಮಲಗಲಿ, ನಾನು ಅವಳ ಜಾಗದಲ್ಲಿ ಕೂರುತ್ತೇನೆ ಎಂದು ಕೇಳಿಕೊಂಡೆ. ಆಕೆ ತಾಳ್ಮೆಯಿಂದಲೇ ಕೇಳಿದಳು. ತಾಳ್ಮೆಯಿಂದಲೇ ಇಲ್ಲವೆಂದಳು. ಜಾಗ ಇರುವುದು ಟಿಕೆಟ್ಟಿನ ಹೆಸರಿಗೆ; ಹೀಗೆ ಬದಲಾಯಿಸುವುದಕ್ಕೆ ತಮ್ಮ ಕಂಪನಿಯಲ್ಲಿ ನಿಯಮವಿಲ್ಲ. ನೀವು ಎಷ್ಟು ಹೊತ್ತು ಬೇಕಾದರೂ ಹಿಂದಕ್ಕೆ ಬಂದಿರಬಹುದು. ಅವರು ಮುಂದಕ್ಕೆ ಬರುವ ಹಾಗಿಲ್ಲ ಎಂದಳು.

ಆ ಪರದೆಯ ನಿಜವಾದ ಸ್ವರೂಪ ನನಗೆ ತಿಳಿದದ್ದು ಆಗ. ನೋಡುವುದಕ್ಕೆ ಬಟ್ಟೆ, ಎರಡು ಬೆರಳಿನಿಂದ ಸರಿಸಬಹುದು. ಆದರೆ ಒಂದು ಕಡೆಯಿಂದ ಮಾತ್ರ. ಆಕೆಯ ಮೇಲೆ ನನಗೆ ಕೋಪವಿಲ್ಲ. ಮುನ್ನೂರು ಜನರಿಗೂ ಒಂದೊಂದು ಬಗೆಯ ನ್ಯಾಯ ಮಾಡುತ್ತ ಕೂತರೆ ವಿಮಾನ ನಡೆಯುವುದಿಲ್ಲ. ನಾನು ಹೋಗಿ ಮಲಗಿದೆ. ಹೇಳಿಕೊಳ್ಳುವುದಕ್ಕೆ ಸಂಕೋಚ, ಕೊನೆಗೆ ನಿದ್ದೆಯೂ ಬಂತು.

ಷಿಕಾಗೋದಲ್ಲಿ ಇಳಿದಾಗ ನಾನು ಮೊದಲು ಇಳಿದವರಲ್ಲಿ ಒಬ್ಬ. ಹೊರಗೆ ನಿಂತು ಕಾದೆ. ಇಪ್ಪತ್ತು ನಿಮಿಷದ ಮೇಲೆ ಅವಳು ಬಂದಳು, ಗೋಡೆ ಹಿಡಿದುಕೊಂಡು. ಚಪ್ಪಲಿ ಕೈಯಲ್ಲಿತ್ತು. ಪಾದ ಎರಡೂ ಊದಿ ಬೆಂದ ಗೆಣಸಿನ ಹಾಗಾಗಿದ್ದವು, ಚಪ್ಪಲಿ ಹತ್ತುತ್ತಿರಲಿಲ್ಲ. "ಏನೂ ಇಲ್ಲ, ಕೂತೂ ಕೂತೂ ಜೋಮು ಹಿಡಿದಿದೆ" ಎಂದಳು. ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಕುಳಿತು ಪ್ರಯಾಣ ಮಾಡುವವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗುವುದು ಆರು ಸಾವಿರದಲ್ಲಿ ಒಬ್ಬರಿಗೆ ಎಂದೂ ಅದೇ ವರದಿ ಸಮಾಧಾನ ಹೇಳುತ್ತದೆ. ಅಂಕಿ ಅಂಶ ಪಾಠ ಹೇಳುವಾಗ ನಾನು ಇಂಥ ಸಮಾಧಾನಗಳನ್ನು ಧಾರಾಳವಾಗಿ ಹಂಚಿದವನು. ಅಲ್ಲಿ ಆ ಪಾದಗಳನ್ನು ನೋಡುತ್ತ ನಿಂತಾಗ ಆರು ಸಾವಿರ ಎಂಬುದು ಬಹಳ ಸಣ್ಣ ಸಂಖ್ಯೆಯಾಗಿ ಕಂಡಿತು.

ಮಗನ ಮನೆಯಲ್ಲಿ ಎರಡು ದಿನ ಅವಳು ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದಳು. ಮೂರನೆಯ ದಿನ ಊತ ಇಳಿಯಿತು. ಐದನೆಯ ದಿನ ಮೊಮ್ಮಗಳು ಹುಟ್ಟಿದಳು. ಆಮೇಲೆ ಕಾಲಿನ ಮಾತು ಯಾರೂ ಎತ್ತಲಿಲ್ಲ.

ಮುಂದೆ ಕೂರುವವರನ್ನು ಬೈಯುವುದು ಸುಲಭ. ೨೦೧೩ರಲ್ಲಿ ವಿಶ್ವ ಬ್ಯಾಂಕಿನವರು ಹಾಕಿದ ಲೆಕ್ಕದಂತೆ, ಬಿಸಿನೆಸ್ ಕ್ಲಾಸಿನ ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಇಂಗಾಲದ ಹೊಗೆ ಹಿಂದಿನವನ ಸುಮಾರು ಮೂರರಷ್ಟು. ಅವನು ಮೂರು ಜನರ ಜಾಗ ಹಿಡಿಯುವುದರಿಂದ. ಇನ್ನೊಂದು ಮಗ್ಗುಲೂ ಇದೆ. ಮುಂದಿನ ದರ್ಜೆಗಳಲ್ಲಿ ಕೂರುವವರು ನೂರಕ್ಕೆ ಐದಾರು ಜನವಾದರೂ ದೇಶ ದೇಶಗಳ ನಡುವೆ ಹಾರುವ ವಿಮಾನಗಳ ಟಿಕೆಟ್ಟಿನ ವರಮಾನದಲ್ಲಿ ಮೂರನೆಯ ಒಂದು ಪಾಲಿನ ಹತ್ತಿರದಷ್ಟು ಅವರಿಂದ ಬರುತ್ತದೆ. ಅವರು ತೆರದಿದ್ದರೆ ಹಿಂದಿನವರ ಟಿಕೆಟ್ಟು ಇನ್ನಷ್ಟು ಏರುತ್ತಿತ್ತು ಎಂದು ಬಲ್ಲವರು ವಾದಿಸುತ್ತಾರೆ. ಇರಬಹುದು. ನನಗೆ ತಿಳಿದದ್ದು ಇದಕ್ಕಿಂತ ಸಣ್ಣ ವಿಷಯ. ಆ ಹಾಸಿಗೆ ಬರಿಯ ದೊಡ್ಡಸ್ತಿಕೆಯಲ್ಲ. ತುಪ್ಪದ ಎರಡನೆಯ ಸುತ್ತಿಲ್ಲದೆ ಯಾರೂ ಸಾಯಲಾರರು. ಹತ್ತು ಗಂಟೆ ಕಾಲು ನೀಡಲಾಗದಿರುವುದು ಬೇರೆ. ಅದು ಬೇಕಾದವರು ಯಾರು ಎಂದು ವಯಸ್ಸನ್ನೂ ಮಂಡಿಯನ್ನೂ ನೋಡಿ ಯಾರೂ ಹಂಚುವುದಿಲ್ಲ. ದುಡ್ಡನ್ನು ನೋಡಿ ಹಂಚುತ್ತಾರೆ. ನಮ್ಮ ಮನೆಯಲ್ಲಿ ಹಂಚಿದ್ದು ಇನ್ನೂ ಹಳೆಯ ಕ್ರಮದಲ್ಲಿ: ಗಂಡಸಿನ ನೋವು ಡಾಕ್ಟರ ಚೀಟಿಯಲ್ಲಿ ಬರೆದಿತ್ತು, ಹೆಂಗಸಿನ ನೋವು ಅವಳ ಬಾಯಲ್ಲಿ ಮಾತ್ರ ಇತ್ತು, ಅವಳು ಅದನ್ನು ಹೇಳಲಿಲ್ಲ.

ಹಿಂತಿರುಗುವ ಹೊತ್ತಿಗೆ ಮಗನ ಡಬ್ಬಿಯಲ್ಲಿ ಮತ್ತೆ ಒಂದು ಟಿಕೆಟ್ಟಿನಷ್ಟು ಪಾಯಿಂಟು ಸೇರಿತ್ತು. ಈ ಸಲ ನಾನು ಫೋನಿಗೆ ಅವಕಾಶ ಕೊಡಲಿಲ್ಲ. ಅವಳು ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದಾಗ ಮಗನ ಪಕ್ಕದಲ್ಲಿ ಕುಳಿತು ಅಮ್ಮನ ಹೆಸರನ್ನು ಬರೆಸಿದೆ. ಆಮೇಲೆ ಮೂರು ದಿನ ನನ್ನೊಡನೆ ಜಗಳವಾಡಿದಳು. "ನಿಮ್ಮ ಸೊಂಟ ಏನಾದ್ರೂ ಆದ್ರೆ ನೋಡ್ಕೊಳ್ಳೋಳು ನಾನೇ ತಾನೆ?" ಎಂದಳು. ನಾನು ಮಾತಾಡಲಿಲ್ಲ. ವಿಮಾನದ ಬಾಗಿಲಲ್ಲಿ ಅವಳನ್ನು ಎಡಕ್ಕೆ ಕಳಿಸಿ ನಾನು ಬಲಕ್ಕೆ ನಡೆದೆ. ಅವಳು ಎರಡು ಸಲ ತಿರುಗಿ ನೋಡಿದಳು.

ಮೂವತ್ತೆಂಟನೆಯ ಸಾಲು. ೩೧ ಅಂಗುಲ ಎಂದರೆ ಏನೆಂದು ಆಗ ನನ್ನ ಸೊಂಟಕ್ಕೆ ಅರ್ಥವಾಯಿತು. ಗಂಟೆಗೊಮ್ಮೆ ಎದ್ದು ಓಣಿಯಲ್ಲಿ ನಡೆದೆ. ಎರಡನೆಯ ವಿಮಾನ ಫ್ರಾಂಕ್‌ಫರ್ಟು ಬಿಟ್ಟು ನಾಲ್ಕೈದು ಗಂಟೆಯಾಗಿತ್ತು. ಅವಳು ಬಂದು ನೋಡಿಕೊಂಡು ಹೋಗುತ್ತಾಳೆ ಎಂದು ಕಾದೆ. ನಾನು ಹೋಗಿದ್ದೆನಲ್ಲ! ಬರಲಿಲ್ಲ. ರಾತ್ರಿಯ ರಕ್ತದೊತ್ತಡದ ಮಾತ್ರೆ ತೆಗೆದುಕೊಂಡಳೋ ಇಲ್ಲವೋ ಎಂದು ಯೋಚನೆ ಹತ್ತಿತು. ಪರದೆಯವರೆಗೆ ಹೋದೆ. ಕೈ ಚಾಚುವ ಮೊದಲೇ ಒಬ್ಬ ಹುಡುಗಿ ನಡುವೆ ಬಂದು, ಇದರಿಂದಾಚೆಗೆ ಹೋಗುವಂತಿಲ್ಲ ಎಂದಳು. ನನಗೆ ಆ ನಿಯಮ ಗೊತ್ತಿತ್ತು. ಸೀಟಿನ ಸಂಖ್ಯೆ ಹೇಳಿ, ಅಲ್ಲಿರುವುದು ನನ್ನ ಹೆಂಡತಿ, ಮಾತ್ರೆ ತೆಗೆದುಕೊಂಡಿದ್ದಾಳೋ ನೋಡಿ ಬರುವೆಯಾ ಎಂದೆ.

ಹುಡುಗಿ ಪರದೆಯೊಳಗೆ ಹೋದಳು. ನಾನು ಬಟ್ಟೆಯನ್ನು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ಗಾಢ ನಿದ್ದೆಯಲ್ಲಿದ್ದಾರೆ. ಮಾತ್ರೆಯ ಖಾಲಿ ಕಾಗದ ಪಕ್ಕದಲ್ಲೇ ಇದೆ. ಎಬ್ಬಿಸಲೇ?"

"ಬೇಡ" ಎಂದೆ. ಬಂದು ಕುಳಿತೆ. ಮುಂದಿನವನು ಸೀಟನ್ನು ವಾಲಿಸಿದ. ವಾಲಿಸಿಕೊಳ್ಳಲಿ ಎನಿಸಿತು.

ಬೆಂಗಳೂರಿನಲ್ಲಿ ಅವಳು ಹೊರಗೆ ಕಾಯುತ್ತಿದ್ದಳು. ಪಾದಗಳು ಚಪ್ಪಲಿಯೊಳಗಿದ್ದವು. ಮುಖದಲ್ಲಿ, ಮಲಗಿ ಎದ್ದವರಿಗೆ ಕೆನ್ನೆಯ ಮೇಲೆ ದಿಂಬಿನ ಗೆರೆ ಇರುತ್ತದಲ್ಲ, ಅದು ಇನ್ನೂ ಮಾಸಿರಲಿಲ್ಲ. ತಪ್ಪು ಮಾಡಿದವಳ ಹಾಗೆ ಹೇಳಿದಳು: "ನಿದ್ದೆ ಬಂದುಬಿಡ್ತೂರೀ. ನಿಮ್ಮನ್ನ ನೋಡೋಕೆ ಬರಬೇಕು ಅಂದ್ಕೊಂಡೇ ಮಲಗಿದ್ದು. ನಿಮ್ಮ ಸೊಂಟ ಹೇಗಿದೆ?"

"ನನಗೇನು, ಚೆನ್ನಾಗಿದ್ದೀನಿ" ಎಂದೆ.

ಅವಳು ನನ್ನ ಮುಖವನ್ನು ಒಂದು ಘಳಿಗೆ ನೋಡಿದಳು. ಆ ಮಾತನ್ನು ಆರು ತಿಂಗಳ ಹಿಂದೆ ನಲವತ್ತೊಂದನೆಯ ಸಾಲಿನಲ್ಲಿ ಹೇಳಿದ್ದವಳು ಅವಳೇ; ಅದರ ಬೆಲೆ ಎಷ್ಟೆಂದು ಅವಳಿಗೆ ಗೊತ್ತು. ಏನೂ ಹೇಳದೆ ನನ್ನ ಕೈಯ ಚೀಲವನ್ನು ಕಿತ್ತುಕೊಂಡಳು. ಟ್ಯಾಕ್ಸಿ ಬಂತು. ಡ್ರೈವರು ಸೊಂಟ ಹಿಡಿದುಕೊಂಡು ನಿಂತಿದ್ದ ನನ್ನನ್ನು ನೋಡಿ, "ಸಾರ್, ನೀವು ಮುಂದೆ ಕೂತ್ಕೊಳ್ಳಿ, ಜಾಗ ಜಾಸ್ತಿ ಇದೆ" ಎಂದ.

ಬೇಡ ಎಂದು ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತೆವು.